ಐನೂರು ಕ್ಯಾಸೆಟ್ಟುಗಳ ಬಂಡವಾಳ

'ಇಂಡಿ' ಎಂದೊಡನೆ ನಿಂಬೆಹಣ್ಣಿಗೆ ಹೆಸರಾದ ವಿಜಯಪುರ ಜಿಲ್ಲೆಯ ಊರು ನೆನಪಾಗುವುದು ಸಹಜ. ಆದರೆ ಕಾಲೇಜಿಗೆ ಹೋಗುವ ಮಕ್ಕಳ ಬಾಯಲ್ಲಿ ಈ ಮಾತು ಬಂದರೆ ಅದರ ಅರ್ಥ ಬೇರೆ. 'ಇಂಡಿಪೆಂಡೆಂಟ್' ಎಂಬ ಉದ್ದನೆಯ ಪದದ ಬಾಲ ಕತ್ತರಿಸಿ ಮಾಡಿಕೊಂಡ ಮುದ್ದಿನ ಹೆಸರು ಅದು. ದೊಡ್ಡ ಕಂಪೆನಿಗಳ ಹಂಗಿಗೆ ಬೀಳದೆ ತನ್ನ ಹಾಡನ್ನು ತಾನೇ ಕಟ್ಟಿ, ತಾನೇ ಹಾಡಿ, ತಾನೇ ಮಾರುವವರ ಸಂಗೀತಕ್ಕೆ 'ಇಂಡಿ ಸಂಗೀತ' ಎನ್ನುತ್ತಾರೆ. ಈಗ ಒಂದು ಮೊಬೈಲ್ ಫೋನು, ಒಂದು ಮೈಕು ಇದ್ದರೆ ರಾತ್ರಿ ಕೋಣೆಯಲ್ಲಿ ಕೂತು ಹಾಡಿದ್ದು ಬೆಳಗಾಗುವುದರೊಳಗೆ ಲೋಕದ ಯಾವ ಮೂಲೆಗಾದರೂ ತಲುಪಬಹುದು. ಹಾಗಾಗಿ ಈ ಸ್ವಾತಂತ್ರ್ಯ ಬಹಳ ಅಗ್ಗದ್ದೆಂದೂ ಸುಲಭದ್ದೆಂದೂ ತೋರುತ್ತದೆ.

ಮನೆಯ ಹಿರಿಯರಿಗೆ ಅದು ಹಾಗೆ ತೋರುವುದಿಲ್ಲ. ಮಗಳು ಗಿಟಾರು ಹಿಡಿದಳೆಂದರೆ ಅಪ್ಪ-ಅಮ್ಮನಿಗೆ ಮೊದಲು ಹೆಮ್ಮೆಯಾಗುತ್ತದೆ. ಅದನ್ನು ಕೆಳಗಿಡಲು ಒಪ್ಪದೆ, 'ನನಗೆ ಇದೇ ಸಾಕು' ಎಂದಳೆಂದರೆ ಎದೆ ಧಸಕ್ಕೆನ್ನುತ್ತದೆ. 'ಹೊಟ್ಟೆಗೇನು ಮಾಡುತ್ತೀಯ?' ಎಂಬ ಪ್ರಶ್ನೆ ಎಲ್ಲ ಊರುಗಳಲ್ಲೂ ಒಂದೇ. ಅದು ಕೇಳಬಾರದ ಪ್ರಶ್ನೆಯೂ ಅಲ್ಲ. ಆ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡದೆ ಹತ್ತು ವರ್ಷ ದುಡಿದು ಉತ್ತರ ಕೊಟ್ಟ ಒಬ್ಬ ಹುಡುಗಿಯ ಆರಂಭದ ದಿನಗಳನ್ನು ನೋಡಿದರೆ, ಮಕ್ಕಳಿಗೂ ಹಿರಿಯರಿಗೂ ಒಂದಿಷ್ಟು ತಿಳಿವಳಿಕೆ ಸಿಗಬಹುದು. ಆಕೆಯ ಹೆಸರು ಆನಿ ಡಿಫ್ರಾಂಕೊ.

ಆಕೆ ಹುಟ್ಟಿದ್ದು 1970ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ಎಂಬ ಊರಿನಲ್ಲಿ. ಹೆಸರಿಗೆ ನ್ಯೂಯಾರ್ಕ್ ರಾಜ್ಯವಾದರೂ ಗಗನಚುಂಬಿ ಕಟ್ಟಡಗಳ ಮಹಾನಗರಕ್ಕೂ ಬಫಲೊಗೂ ನೂರಾರು ಮೈಲಿಗಳ ಅಂತರ. ಏರೀ ಸರೋವರದ ದಂಡೆಯಲ್ಲಿ, ನಯಾಗರಾ ಜಲಪಾತದ ಸಮೀಪದಲ್ಲಿರುವ ಈ ಊರು ಚಳಿಗಾಲದಲ್ಲಿ ಮಂಡಿಯೆತ್ತರ ಹಿಮದಲ್ಲಿ ಹೂತುಹೋಗುತ್ತದೆ. ಒಂದು ಕಾಲಕ್ಕೆ ಉಕ್ಕಿಗೂ ದವಸದ ವ್ಯಾಪಾರಕ್ಕೂ ಹೆಸರಾಗಿತ್ತು. ಆನಿ ಬೆಳೆಯುವ ಹೊತ್ತಿಗೆ ಆ ವೈಭವ ಇಳಿಮುಖವಾಗಿತ್ತು. ಪಕ್ಕದ ಲ್ಯಾಕವಾನಾದಲ್ಲಿದ್ದ ಬೆತ್ಲೆಹೆಮ್ ಕಂಪೆನಿಯ ದೈತ್ಯ ಉಕ್ಕಿನ ಕಾರ್ಖಾನೆಯಲ್ಲಿ 1983ರಲ್ಲಿ ಉತ್ಪಾದನೆಯ ಬಹುಪಾಲು ನಿಂತುಹೋಯಿತು. ಕೆಲಸ ಕಳೆದುಕೊಂಡವರು ಊರು ಬಿಟ್ಟರು. ಮಕ್ಕಳು ಓದಿ ಬೇರೆ ಕಡೆ ಹೋಗುವುದೇ ಏಳಿಗೆ ಎಂದು ನಂಬಿದ ಊರು ಅದು.

ತಾಯಿ ಕೆನಡಾದ ಮಾಂಟ್ರಿಯಲ್ ಕಡೆಯವರು, ತಂದೆ ಇಟಲಿ ಮೂಲದವರು. ಇಬ್ಬರೂ ಎಂಐಟಿಯಲ್ಲಿ ಓದಿದವರು. ತಾಯಿ ವಾಸ್ತುಶಿಲ್ಪ ಕಲಿತಿದ್ದರು, ತಂದೆ ಎಂಜಿನಿಯರು. ಅಂಥ ಮನೆಯ ಮಗಳು ಲೆಕ್ಕ-ವಿಜ್ಞಾನಗಳ ದಾರಿ ಹಿಡಿಯಬಹುದೆಂದು ಯಾರಾದರೂ ಊಹಿಸುತ್ತಿದ್ದರು. ಆದರೆ ಅವರ ಮನೆ ಊಹೆಗೆ ಸಿಕ್ಕುವ ಮನೆಯಾಗಿರಲಿಲ್ಲ. ಒಳಗೆ ಕೋಣೆಗಳನ್ನು ಬೇರ್ಪಡಿಸುವ ಗೋಡೆಗಳೇ ಇರಲಿಲ್ಲ. ಒಬ್ಬರ ಮಾತು, ಒಬ್ಬರ ಸಿಟ್ಟು, ಒಬ್ಬರ ಮೌನ ಎಲ್ಲವೂ ಎಲ್ಲರಿಗೂ ಕೇಳಿಸುತ್ತಿತ್ತು. 2019ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯ ಹೆಸರಿನಲ್ಲೇ ಆನಿ ಆ ಗೋಡೆಯಿಲ್ಲದ ಮನೆಯನ್ನು ನೆನೆದಿದ್ದಾಳೆ.

ಒಂಬತ್ತನೆಯ ವಯಸ್ಸಿನಲ್ಲಿ ಆಕೆಗೊಂದು ಗಿಟಾರು ಬೇಕೆನಿಸಿತು. ಕೊಳ್ಳಲು ಹೋದ ಅಂಗಡಿಯಲ್ಲಿ ಮೈಕೆಲ್ ಮೆಲ್ಡ್ರಮ್ ಎಂಬ ಹಾಡುಗಾರನ ಪರಿಚಯವಾಯಿತು. ಮೆಲ್ಡ್ರಮ್ ಜಗತ್ಪ್ರಸಿದ್ಧನೇನೂ ಅಲ್ಲ. ಬಫಲೊದ ಹೋಟೆಲು, ಬಾರುಗಳಲ್ಲಿ ಹಾಡುತ್ತ, ಬೇರೆ ಊರಿನ ಹಾಡುಗಾರರನ್ನು ಕರೆಸಿ ತನ್ನೂರಿನಲ್ಲಿ ಹಾಡಿಸುತ್ತಿದ್ದವನು. ಇಂಥವರು ಎಲ್ಲ ಊರುಗಳಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಹೆಸರು ಮಾಡುವುದಿಲ್ಲ, ಹೆಸರು ಮಾಡುವವರನ್ನು ತಯಾರು ಮಾಡುತ್ತಾರೆ. ಈ ಪುಟ್ಟ ಹುಡುಗಿಯನ್ನು ಆತ 'ಮಗು' ಎಂದು ಬದಿಗೆ ಕೂರಿಸಲಿಲ್ಲ. ತನ್ನ ಕಾರ್ಯಕ್ರಮಗಳಿಗೆ ಕರೆದೊಯ್ದು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೀಟಲ್ಸ್ ತಂಡದ ಹಾಡುಗಳನ್ನು ಹಾಡಿಸಿದ. ಹೊರ ಊರಿನಿಂದ ಬಂದ ಹಾಡುಗಾರರಲ್ಲಿ ಕೆಲವರು ಆನಿಯ ಮನೆಯಲ್ಲೇ ತಂಗುತ್ತಿದ್ದರು. ಮುಂದೆ ಬಹಳ ಹೆಸರಾದ ಸುಝಾನ್ ವೇಗಾ ಕೂಡ ಮೆಲ್ಡ್ರಮ್‌ನ ಬಳಗದ ಮೂಲಕ ಪರಿಚಯವಾದವಳೇ.

ಇದರಿಂದ ಹುಡುಗಿಗೆ ಒಂದು ದೊಡ್ಡ ಲಾಭವಾಯಿತು. ಹಾಡುಗಾರರೆಂದರೆ ಟೀವಿಯಲ್ಲಿ ಮಿಂಚುವ, ಕೈಗೆಟುಕದ ದೇವತೆಗಳೆಂಬ ಭ್ರಮೆ ಆಕೆಗೆ ಹಿಡಿಯಲೇ ಇಲ್ಲ. ಗಿಟಾರಿನ ಪೆಟ್ಟಿಗೆ ಹೊತ್ತು ಬಂದು, ಮನೆಯಲ್ಲಿ ಉಂಡು, ಸೋಫಾದ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಮುಂದಿನ ಊರಿಗೆ ಹೊರಡುವ ಕೆಲಸಗಾರರೆಂದು ಆಕೆ ಅವರನ್ನು ಕಂಡಳು. ಹಾಡುವುದು ಒಂದು ಕಸುಬು, ಅದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಪಾಠ ಅಕ್ಷರಾಭ್ಯಾಸದಷ್ಟೇ ಸಹಜವಾಗಿ ಒಳಗಿಳಿಯಿತು.

ಆದರೆ ದಾರಿ ನೇರವಾಗಿ ಸಾಗಲಿಲ್ಲ. ನಡುವೆ ಗಿಟಾರು ಮೂಲೆ ಸೇರಿತು. ಆಕೆ ನೃತ್ಯ ಕಲಿತಳು. ಮನೆಯಲ್ಲಿ ತಂದೆ-ತಾಯಿಯ ಸಂಬಂಧ ಹದಗೆಟ್ಟು ಅವರು ಬೇರೆಯಾದರು. ಹದಿನಾಲ್ಕರ ಹೊತ್ತಿಗೆ ಆಕೆ ಮತ್ತೆ ಗಿಟಾರು ಎತ್ತಿಕೊಂಡಾಗ ಹಾಡಿದ್ದು ಬೀಟಲ್ಸ್ ಹಾಡುಗಳನ್ನಲ್ಲ, ತನ್ನವನ್ನು. ಹದಿನೈದಾದಾಗ ತಾಯಿ ಕನೆಕ್ಟಿಕಟ್ ರಾಜ್ಯಕ್ಕೆ ಹೋಗಿ ನೆಲೆಸಲು ನಿಶ್ಚಯಿಸಿದರು. ಮಗಳು ಜೊತೆಗೆ ಹೋಗಲಿಲ್ಲ. ಪಾಲಕರ ಅಂಕೆಯಿಂದ ಹೊರಬಂದು ತನ್ನ ಜವಾಬ್ದಾರಿ ತಾನೇ ಹೊರಲು ಅಲ್ಲಿನ ಕಾನೂನು ಹದಿಹರೆಯದವರಿಗೂ ಕೊಡುವ ಅವಕಾಶವನ್ನು ಬಳಸಿಕೊಂಡು, ಗೆಳೆಯ-ಗೆಳತಿಯರ ಮನೆಗಳಲ್ಲಿ ಇದ್ದುಕೊಂಡು ಬಫಲೊದಲ್ಲೇ ಓದಿದಳು. ಕಲೆಗಳಿಗೆಂದೇ ಇದ್ದ ಸರ್ಕಾರಿ ಪ್ರೌಢಶಾಲೆಯಿಂದ ಹದಿನಾರಕ್ಕೇ ತೇರ್ಗಡೆಯಾದಳು.

ಇದನ್ನು ಓದಿ ಯಾವ ಹುಡುಗ-ಹುಡುಗಿಯೂ ಮನೆ ಬಿಡುವುದು ಕಲಾವಿದರ ಲಕ್ಷಣವೆಂದು ತಿಳಿಯಬೇಕಿಲ್ಲ. ಆಕೆ ಮನೆ ತೊರೆದು ಹೋದವಳಲ್ಲ. ಮನೆ ಎಂಬುದೇ ಒಡೆದಾಗ ಊರನ್ನು ಬಿಡಲು ಒಪ್ಪದವಳು. ಓದನ್ನೂ ನಡುವೆ ಕೈಬಿಡಲಿಲ್ಲ. ಹದಿನೈದರ ಹುಡುಗಿ ಬಾಡಿಗೆ, ಊಟ, ಬಸ್ಸಿನ ಚಾರ್ಜು ಎಲ್ಲವನ್ನೂ ತಾನೇ ಲೆಕ್ಕ ಹಾಕಬೇಕಾಗಿ ಬಂದದ್ದು ಸುಖದ ಸಂಗತಿಯಲ್ಲ. ಆದರೆ ಆ ಲೆಕ್ಕದ ಅಭ್ಯಾಸವೇ ಮುಂದೆ ಅನಿರೀಕ್ಷಿತವಾಗಿ ಕೈಹಿಡಿಯಿತು.

ಆಕೆಯ ವಾದನದ ಶೈಲಿ ಹುಟ್ಟಿದ ಬಗೆಯೂ ಗಮನಿಸತಕ್ಕದ್ದು. ಬಾರುಗಳಲ್ಲಿ ಯಾರೂ ಹಾಡು ಕೇಳಲೆಂದು ಬಂದಿರುವುದಿಲ್ಲ. ಗ್ಲಾಸಿನ ಸದ್ದು, ನಗು, ಟೀವಿಯಲ್ಲಿ ಆಟ. ಇವುಗಳ ನಡುವೆ ಒಂದು ಮರದ ಗಿಟಾರು ಹಿಡಿದು ಮೂಲೆಯಲ್ಲಿ ನಿಂತ ಸಣ್ಣ ಆಳಿನ ಹುಡುಗಿಯ ಕಡೆಗೆ ಯಾರು ತಿರುಗಿ ನೋಡಿಯಾರು? ಹಾಗಾಗಿ ಆಕೆ ತಂತಿಗಳನ್ನು ಮೃದುವಾಗಿ ಮೀಟುವುದನ್ನು ಬಿಟ್ಟು, ಹೊಡೆಯುವಂತೆ, ಎಳೆದು ಬಿಡುವಂತೆ ನುಡಿಸತೊಡಗಿದಳು. ತಂತಿವಾದ್ಯವೇ ತಾಳವಾದ್ಯವೂ ಆಯಿತು. ನಡುನಡುವೆ ತಟ್ಟನೆ ನಿಲ್ಲಿಸಿ ಮೌನದಿಂದಲೂ ಜನರ ಗಮನ ಸೆಳೆಯುವುದನ್ನು ಕಲಿತಳು. ಹೀಗೆ ನುಡಿಸಿದರೆ ಉಗುರು ಉಳಿಯುವುದಿಲ್ಲ. ಸಿತಾರಿನವರು ಬೆರಳಿಗೆ ಮಿಜರಾಬು ತೊಡುವಂತೆ ಆಕೆ ಪ್ಲಾಸ್ಟಿಕ್ಕಿನ ಕೃತಕ ಉಗುರುಗಳನ್ನು ಅಂಟಿಸಿಕೊಂಡು, ಅವು ಕಿತ್ತುಬಾರದಂತೆ ಮೇಲೆ ವೈರಿಗೆ ಸುತ್ತುವ ಕಪ್ಪು ಇನ್ಸುಲೇಷನ್ ಟೇಪನ್ನು ಬಿಗಿಯುತ್ತಿದ್ದಳು. ಗಿಟಾರಿನ ತಂತಿಗಳನ್ನು ವಾಡಿಕೆಯ ಶ್ರುತಿಯಲ್ಲಿಡದೆ ಹಾಡಿಗೆ ತಕ್ಕಂತೆ ಬೇರೆ ಬೇರೆ ಶ್ರುತಿಗಳಿಗೆ ಇಳಿಸಿ ಏರಿಸುತ್ತಿದ್ದಳು. ಮುಂದೆ ಪಂಡಿತರು ಇದನ್ನು ಹೊಸ ಶೈಲಿ ಎಂದು ಹೊಗಳಿದರು. ಅದರ ಮೂಲ ಗದ್ದಲದ ಕೋಣೆಯಲ್ಲಿ ತನ್ನ ಮಾತು ಕೇಳಿಸಬೇಕೆಂಬ ಸರಳ ಅಗತ್ಯದಲ್ಲಿತ್ತು.

ಹದಿಹರೆಯದ ಕೊನೆಗೆ ಆಕೆ ನ್ಯೂಯಾರ್ಕ್ ನಗರ ಸೇರಿದಳು. ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ರಾತ್ರಿ ಹಾಡುತ್ತ, 'ನ್ಯೂ ಸ್ಕೂಲ್' ಎಂಬ ವಿದ್ಯಾಸಂಸ್ಥೆಯಲ್ಲಿ ತರಗತಿಗಳಿಗೆ ಸೇರಿಕೊಂಡಳು. ಅಲ್ಲಿ ಕವಿತೆ ಕಲಿಸುತ್ತಿದ್ದವರು ಸೆಕೂ ಸುಂಡಿಯಾಟಾ. ಹಾರ್ಲೆಮ್‌ನಲ್ಲಿ ಹುಟ್ಟಿದ ಈ ಕಪ್ಪು ಕವಿ ಕವಿತೆಯನ್ನು ಪುಸ್ತಕದ ಪುಟಕ್ಕಿಂತ ಹೆಚ್ಚಾಗಿ ಕಂಠದಲ್ಲಿ ಇಟ್ಟುಕೊಂಡವರು. ಜಾಝ್ ಸಂಗೀತದ ಲಯದಲ್ಲಿ ಮಾತನ್ನು ಏರಿಳಿಸಿ ಹೇಳುತ್ತಿದ್ದರು. ಪದಗಳನ್ನು ಎಲ್ಲಿ ತಡೆಯಬೇಕು, ಎಲ್ಲಿ ಹರಿಯಬಿಡಬೇಕು, ಸಿಟ್ಟನ್ನೂ ಪ್ರೀತಿಯನ್ನೂ ಘೋಷಣೆಯಾಗದಂತೆ ಹೇಗೆ ನುಡಿಯಬೇಕು ಎಂಬುದನ್ನು ಶಿಷ್ಯೆ ಅವರಿಂದ ಕಲಿತಳು. ಮೆಲ್ಡ್ರಮ್‌ನಿಂದ ಕಸುಬು, ಸುಂಡಿಯಾಟಾ ಅವರಿಂದ ಮಾತು. ಈ ಎರಡೂ ಸೇರಿದ ಮೇಲೆ ಆಕೆಯ ಹಾಡುಗಳು ಬೇರೆಯವರ ಹಾಡುಗಳಂತೆ ಕೇಳಿಸುವುದು ನಿಂತಿತು. ಹೆಣ್ಣಾಗಿ ಬೀದಿಯಲ್ಲಿ ನಡೆಯುವ ಭಯ, ಮುರಿದ ಪ್ರೀತಿ, ಊರಿನ ಬಡತನ, ದೇಶದ ರಾಜಕೀಯ ಎಲ್ಲವೂ ಅದರೊಳಗೆ ಬಂದವು.

ಕಾರ್ಯಕ್ರಮ ಮುಗಿದ ಮೇಲೆ ಕೆಲವರು ಬಂದು 'ನಿಮ್ಮ ಕ್ಯಾಸೆಟ್ ಸಿಗುತ್ತದೆಯೇ?' ಎಂದು ಕೇಳುತ್ತಿದ್ದರು. ಹಾಡುಗಾರರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ. ಹೀಗೆ 1990ರಲ್ಲಿ ಆಕೆಯ ಮೊದಲ ಆಲ್ಬಮ್ ಹೊರಬಂತು. ಹೆಸರು 'ಆನಿ ಡಿಫ್ರಾಂಕೊ' ಎಂದೇ. ಒಂದು ಕಂಠ, ಒಂದು ಗಿಟಾರು, ಮತ್ತೇನಿಲ್ಲ. ಮಾಡಿಸಿದ್ದು ಐನೂರು ಕ್ಯಾಸೆಟ್ಟುಗಳು. ಅವು ಬೇಗನೆ ಖರ್ಚಾದವು. ಮತ್ತೆ ಮಾಡಿಸಿದರು, ಅವೂ ಖರ್ಚಾದವು. ಕ್ಯಾಸೆಟ್ಟಿನ ಮೇಲೆ ಒಂದು ಕಂಪೆನಿಯ ಹೆಸರಿರಬೇಕಲ್ಲ? ಮೊದಲು 'ರೈಟಸ್ ರೆಕಾರ್ಡ್ಸ್' ಎಂದು ಇಟ್ಟರು. ಆ ಹೆಸರನ್ನು ಬೇರೆ ಯಾರೋ ಬಳಸುತ್ತಿದ್ದುದು ತಿಳಿದು 'ರೈಟಸ್ ಬೇಬ್ ರೆಕಾರ್ಡ್ಸ್' ಎಂದು ಬದಲಿಸಿದರು. 'ರೈಟಸ್' ಎಂದರೆ ನ್ಯಾಯದ ಪಕ್ಷದಲ್ಲಿ ನಿಂತವಳು. 'ಬೇಬ್' ಎಂದರೆ ಬೀದಿಯಲ್ಲಿ ಹುಡುಗಿಯರನ್ನು ಹಗುರವಾಗಿ ಕರೆಯುವ ಮಾತು. ಎರಡನ್ನೂ ಜೋಡಿಸಿದ್ದರಲ್ಲೇ ಒಂದು ಕಿಡಿಗೇಡಿತನವಿತ್ತು. ಇಪ್ಪತ್ತು ವರ್ಷ ವಯಸ್ಸಿನ ಹುಡುಗಿ ಒಂದು ಕಂಪೆನಿಯ ಒಡತಿಯಾದಳು. ಕಂಪೆನಿಯ ಆಸ್ತಿ ಒಂದು ಗಿಟಾರು ಮತ್ತು ರಟ್ಟಿನ ಡಬ್ಬಗಳಲ್ಲಿದ್ದ ಕ್ಯಾಸೆಟ್ಟುಗಳು.

ದೊಡ್ಡ ಕಂಪೆನಿಗಳ ಒಪ್ಪಂದ ಸಾಮಾನ್ಯವಾಗಿ ಹೇಗಿರುತ್ತಿತ್ತು ಎಂಬುದನ್ನು ತಿಳಿದರೆ ಈ ಹೆಜ್ಜೆಯ ತೂಕ ಗೊತ್ತಾಗುತ್ತದೆ. ಹೊಸ ಹಾಡುಗಾರರಿಗೆ ಕಂಪೆನಿ ಒಂದು ಮುಂಗಡ ಕೊಡುತ್ತದೆ. ನೋಡಲು ಅದು ದೊಡ್ಡ ಮೊತ್ತ. ಆದರೆ ಸ್ಟುಡಿಯೊ ಬಾಡಿಗೆ, ಪಕ್ಕವಾದ್ಯದವರ ಸಂಬಳ ಮುಂತಾದ ಖರ್ಚುಗಳು ಅದರಲ್ಲೇ ಕಳೆಯುತ್ತವೆ. ಮಾರಾಟದಲ್ಲಿ ಹಾಡುಗಾರರಿಗೆ ಸಲ್ಲುವ ಪಾಲು ನೂರಕ್ಕೆ ಹತ್ತು-ಹದಿನೈದರ ಆಸುಪಾಸು. ಆ ಸಣ್ಣ ಪಾಲಿನಿಂದಲೇ ಇಡೀ ಮುಂಗಡ ತೀರಬೇಕು. ತೀರುವ ತನಕ ಕೈಗೆ ಕಾಸು ಬರುವುದಿಲ್ಲ. ಎಷ್ಟೋ ಹಾಡುಗಾರರ ಮುಂಗಡ ಕೊನೆಗೂ ತೀರುವುದಿಲ್ಲ. ತೀರಿದರೂ ಹಾಡಿನ ಮೂಲ ಮುದ್ರಿಕೆ, ಅಂದರೆ 'ಮಾಸ್ಟರ್', ಕಂಪೆನಿಯ ಸ್ವತ್ತಾಗಿಯೇ ಉಳಿಯುತ್ತದೆ. ಮನೆಸಾಲದ ಕೊನೆಯ ಕಂತನ್ನು ಕಟ್ಟಿದ ಮೇಲೂ ಮನೆ ಬ್ಯಾಂಕಿನ ಹೆಸರಿನಲ್ಲೇ ಉಳಿದ ಹಾಗೆ. ಮೇಲಾಗಿ ಯಾವ ಹಾಡು ಇರಬೇಕು, ಕೂದಲು ಹೇಗಿರಬೇಕು, ಫೋಟೊದಲ್ಲಿ ನಗಬೇಕೋ ಬೇಡವೋ ಎಂಬುದರಲ್ಲೆಲ್ಲ ಕಂಪೆನಿಯ ಮಾತು ನಡೆಯುತ್ತದೆ.

ಇದನ್ನು ಬೇಡವೆಂದವರು ಮಾಡಬೇಕಾದ ಕೆಲಸವೇನು ಕಡಿಮೆಯೇ? ಆಕೆ ಒಂದು ಹಳೆಯ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಗಿಟಾರನ್ನೂ ಕ್ಯಾಸೆಟ್ಟುಗಳನ್ನೂ ತುಂಬಿಕೊಂಡು ಊರೂರು ತಿರುಗಿದಳು. ಬಾರು, ಕಾಫಿ ಹೋಟೆಲು, ಮಹಿಳಾ ಸಂಘಗಳು, ಜಾನಪದ ಸಂಗೀತದ ಹಬ್ಬಗಳು, ಎಲ್ಲಕ್ಕಿಂತ ಹೆಚ್ಚಾಗಿ ಕಾಲೇಜುಗಳು. ಹಾಡಿ ಮುಗಿಸಿ, ಬೆವರು ಒರೆಸಿಕೊಂಡು, ಮೇಜಿನ ಹಿಂದೆ ನಿಂತು ಕ್ಯಾಸೆಟ್ ಮಾರುವುದು. ಮತ್ತೆ ರಾತ್ರಿಯಿಡೀ ಕಾರು ಓಡಿಸುವುದು. ಕೊಂಡ ವಿದ್ಯಾರ್ಥಿಗಳು ಅದನ್ನು ಕೋಣೆಯ ಗೆಳತಿಗೆ ಕೇಳಿಸುತ್ತಿದ್ದರು. ಆಕೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ರಜೆಯಲ್ಲಿ ತನ್ನೂರಿಗೆ ಒಯ್ಯುತ್ತಿದ್ದಳು. ಹೀಗೆ ಮುಂದಿನ ಸಲ ಆನಿ ಆ ಕಡೆಗೆ ಹೋಗುವ ಹೊತ್ತಿಗೆ ಆಕೆಯ ಹಾಡುಗಳು ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿದ್ದವು. ರೇಡಿಯೊ ಇಲ್ಲ, ಟೀವಿ ಇಲ್ಲ, ಜಾಹೀರಾತಿಲ್ಲ. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹಬ್ಬಿದ ಖ್ಯಾತಿ ಅದು. ಹೊಸ ದಶಕದ ಮೊದಲ ಐದು ವರ್ಷಗಳಲ್ಲಿ ಸರಿಸುಮಾರು ವರ್ಷಕ್ಕೊಂದರಂತೆ ಆಲ್ಬಮ್‌ಗಳು ಬಂದವು. ಆಂಡಿ ಸ್ಟೊಚಾನ್‌ಸ್ಕಿ ಎಂಬ ಡ್ರಮ್ ವಾದಕ ಜೊತೆಗೂಡಿದ. ಒಬ್ಬಳ ಪ್ರಯಾಣ ಇಬ್ಬರದಾಯಿತು.

ಹೆಸರು ಹಬ್ಬಿದ ಮೇಲೆ ದೊಡ್ಡ ಕಂಪೆನಿಗಳೂ ಬಂದವು. ಆಕೆ ಬೇಡವೆಂದಳು. ಮತ್ತೆ ಬಂದವು, ಮತ್ತೆ ಬೇಡವೆಂದಳು. 1995ರ ಆಲ್ಬಮ್ಮಿನಲ್ಲಿ ಇಂಥ ಕಂಪೆನಿಯೊಂದನ್ನು ಉದ್ದೇಶಿಸಿಯೇ ಬರೆದ ಹಾಡೊಂದಿದೆ. 'ನೀವು ಗಳಿಸದೆ ಹೋದ ಮಿಲಿಯನ್' ಎಂಬುದು ಅದರ ಶೀರ್ಷಿಕೆಯ ಅರ್ಥ. ಈ ನಿರಾಕರಣೆಯನ್ನು ಪತ್ರಿಕೆಗಳು ಏಕಾಂಗಿ ವೀರಳ ಸಾಹಸವೆಂದು ಬಣ್ಣಿಸಿದವು. ಒಬ್ಬಳೇ ನಿಂತಳು ಎಂಬುದು ಕೇಳಲು ಚೆಂದ, ಆದರೆ ಪೂರ್ತಿ ನಿಜವಲ್ಲ. ಕಾನೂನು ಓದಿದ ಬಫಲೊದ ಗೆಳೆಯ ಸ್ಕಾಟ್ ಫಿಶರ್ ಕಂಪೆನಿಯ ಆಡಳಿತ ವಹಿಸಿಕೊಂಡ. ಒಪ್ಪಂದಗಳ ಸಣ್ಣಕ್ಷರಗಳನ್ನು ಓದುವವನು, ಲೆಕ್ಕಪತ್ರ ನೋಡುವವನು ಪಕ್ಕದಲ್ಲಿದ್ದುದರಿಂದಲೇ ಆಕೆ ಹಾಡು ಬರೆಯಲು ಸಾಧ್ಯವಾಯಿತು. ಇಂಥ ಕಂಪೆನಿ ನ್ಯೂಯಾರ್ಕ್ ನಗರದಲ್ಲೋ ಲಾಸ್ ಏಂಜಲೀಸ್‌ನಲ್ಲೋ ಇರಬೇಕೆಂಬುದು ವ್ಯಾಪಾರದ ವಾಡಿಕೆ. ಆಕೆ ಅದನ್ನು ಬಫಲೊದಲ್ಲೇ ಇಟ್ಟಳು. ಹೊದಿಕೆ ಅಚ್ಚು ಹಾಕಿಸುವುದಕ್ಕೂ ಬನಿಯನ್ನುಗಳ ಮೇಲೆ ಹೆಸರು ಮುದ್ರಿಸುವುದಕ್ಕೂ ಆದಷ್ಟು ಊರಿನವರನ್ನೇ ಹುಡುಕಿದರು. ಎಲ್ಲರೂ ಬಿಟ್ಟು ಹೋಗುತ್ತಿದ್ದ ಊರಿನಲ್ಲಿ ಒಬ್ಬ ಹಾಡುಗಾರ್ತಿಯ ದೆಸೆಯಿಂದ ಒಂದಷ್ಟು ಜನಕ್ಕೆ ಕೆಲಸ ಹುಟ್ಟಿತು.

ಅಂದ ಹಾಗೆ, ಅಮೆರಿಕದ ಟೆಲಿಫೋನುಗಳಲ್ಲಿ ಅಂಕಿಗಳ ಜೊತೆ ಅಕ್ಷರಗಳೂ ಇರುತ್ತವೆ. ವ್ಯಾಪಾರದವರು ಅಂಕಿಗಳ ಬದಲು ನೆನಪಿಡಲು ಸುಲಭವಾದ ಮಾತನ್ನು ಫೋನ್ ನಂಬರಾಗಿ ಆರಿಸಿಕೊಳ್ಳುವುದುಂಟು. ಕ್ಯಾಸೆಟ್, ಸೀಡಿ ಬೇಕಾದವರು ಆನಿಯ ಕಂಪೆನಿಗೆ ಒತ್ತಬೇಕಾಗಿದ್ದ ಅಕ್ಷರಗಳು 'ಆನ್ ಹರ್ ಓನ್'. ಅಂದರೆ, ತನ್ನ ಕಾಲ ಮೇಲೆ ತಾನು. ಆ ಕಾಲುಗಳಿಗೆ ಎಷ್ಟು ಜನರ ಆಸರೆಯಿತ್ತೆಂಬುದು ಫೋನ್ ಎತ್ತಿದವರಿಗೆ ಗೊತ್ತಿತ್ತು!

1996ರಲ್ಲಿ 'ಡೈಲೇಟ್' ಎಂಬ ಆಲ್ಬಮ್ ಅಮೆರಿಕದ ಮಾರಾಟಪಟ್ಟಿ ಎನಿಸಿದ 'ಬಿಲ್‌ಬೋರ್ಡ್'ನಲ್ಲಿ 87ನೇ ಸ್ಥಾನಕ್ಕೆ ಬಂತು. 1997ರ 'ಲಿವಿಂಗ್ ಇನ್ ಕ್ಲಿಪ್' ಎಂಬ ಕಛೇರಿ ಮುದ್ರಿಕೆಗೆ ಮುಂದೆ 'ಗೋಲ್ಡ್' ಮಾನ್ಯತೆ ಸಿಕ್ಕಿತು. 1998ರ 'ಲಿಟ್ಲ್ ಪ್ಲಾಸ್ಟಿಕ್ ಕ್ಯಾಸಲ್' 22ನೇ ಸ್ಥಾನಕ್ಕೆ ಏರಿತು. ಈಗ ವ್ಯಾಪಾರದ ಪತ್ರಿಕೆಗಳ ಕಣ್ಣು ಬಿತ್ತು. ಪ್ರತಿ ಆಲ್ಬಮ್ಮಿನ ಮೇಲೆ ಆಕೆಗೆ 4 ಡಾಲರಿಗೂ ಮಿಕ್ಕಿ ಉಳಿಯುತ್ತದೆ, ಕೋಟಿಗಟ್ಟಲೆ ಮಾರುವ ದೊಡ್ಡ ತಂಡಗಳಿಗೂ ಒಂದರ ಮೇಲೆ ಅಷ್ಟು ಸಿಗುವುದಿಲ್ಲ ಎಂದು ಬರೆದರು. 'ಹೊಟ್ಟೆಗೇನು?' ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕೆ?

ಆದರೆ ಆ ಉತ್ತರ ಆಕೆಗೇ ಹಿಡಿಸಲಿಲ್ಲ. ಮಹಿಳೆಯರ ಪ್ರಸಿದ್ಧ ಪತ್ರಿಕೆ 'ಮಿಸ್' ಕೂಡ ತನ್ನನ್ನು ಮೆಚ್ಚಲು ಈ ಲಾಭದ ಲೆಕ್ಕವನ್ನೇ ಮುಂದಿಟ್ಟಾಗ ಆಕೆ 1997ರಲ್ಲಿ ಅದಕ್ಕೊಂದು ಬಹಿರಂಗ ಪತ್ರ ಬರೆದಳು. ಹಾಡು, ಮಾತು, ಜನರ ಜೊತೆಗಿನ ಸಂಬಂಧ ಯಾವುದೂ ಕಾಣದೆ ಹಣ ಮಾತ್ರ ಕಂಡಿತೇ ಎಂಬುದು ಅದರ ತಿರುಳು. ಸತ್ತ ಮೇಲೆ ತನ್ನ ಸಮಾಧಿಯ ಕಲ್ಲಿನ ಮೇಲೆ ಕಂಪೆನಿಯ ಅಧಿಕಾರಿ ಎಂದು ಕೆತ್ತುವುದು ಬೇಡ, ಹಾಡು ಕಟ್ಟಿದವಳು, ಕತೆ ಹೇಳಿದವಳು ಎಂದು ಬರೆದರೆ ಸಾಕು ಎಂಬ ಅರ್ಥದ ಮಾತನ್ನೂ ಸೇರಿಸಿದ್ದಳು. ಇಲ್ಲಿ ಹಿರಿಯರೂ ಕಿರಿಯರೂ ಸ್ವಲ್ಪ ನಿಂತು ಯೋಚಿಸಬೇಕು. ಮಕ್ಕಳು ಹಾಡಿನ ದಾರಿ ಹಿಡಿದಾಗ 'ದುಡ್ಡಿಲ್ಲ' ಎಂದು ಹೆದರುತ್ತೇವೆ. ಗೆದ್ದಾಗ 'ಎಷ್ಟು ದುಡ್ಡು ಮಾಡಿದರು ನೋಡಿ' ಎಂದು ಹೊಗಳುತ್ತೇವೆ. ಎರಡು ಸಲವೂ ಹಾಡನ್ನು ಕೇಳುವುದನ್ನೇ ಮರೆತಿರುತ್ತೇವೆ.

ದುಡ್ಡು ಬಂದಾಗ ಆಕೆ ಏನು ಮಾಡಿದಳೆಂಬುದರಲ್ಲಿ ಆ ಪತ್ರದ ಪ್ರಾಮಾಣಿಕತೆ ಕಾಣುತ್ತದೆ. ಯೂಟಾ ಫಿಲಿಪ್ಸ್ ಎಂಬ ಹಿರಿಯನಿದ್ದ. ಕೊರಿಯಾದಲ್ಲಿ ಸೈನಿಕನಾಗಿದ್ದು, ಆಮೇಲೆ ಗೂಡ್ಸ್ ರೈಲುಗಳಲ್ಲಿ ಕದ್ದು ಕೂತು ದೇಶ ಸುತ್ತಿ, ಕಾರ್ಮಿಕ ಚಳವಳಿಯ ಹಾಡುಗಳನ್ನೂ ಕತೆಗಳನ್ನೂ ತಲೆಯಲ್ಲಿ ಹೊತ್ತುಕೊಂಡಿದ್ದವನು. ಹೊಸ ಪೀಳಿಗೆಗೆ ಆತನ ಹೆಸರೇ ಗೊತ್ತಿರಲಿಲ್ಲ. ಆತನ ಕಾರ್ಯಕ್ರಮಗಳ ಧ್ವನಿಸುರುಳಿಗಳನ್ನು ತರಿಸಿಕೊಂಡ ಆನಿ, ಆ ಕತೆಗಳಿಗೆ ತನ್ನ ಕಾಲದ ತಾಳ-ಲಯ ಕೂಡಿಸಿ 1996ರಲ್ಲಿ ಒಂದು ಆಲ್ಬಮ್ ಮಾಡಿದಳು. ಇಪ್ಪತ್ತರ ಹುಡುಗ-ಹುಡುಗಿಯರು ಅರವತ್ತು ದಾಟಿದ ಕತೆಗಾರನನ್ನು ಕೇಳಲು ಟಿಕೆಟ್ ಕೊಂಡು ಬಂದರು. ಕವಿತೆ ಕಲಿಸಿದ ಮೇಷ್ಟ್ರು ಸುಂಡಿಯಾಟಾ ಅವರ ಆಲ್ಬಮ್ ಕೂಡ 2000ದಲ್ಲಿ ಶಿಷ್ಯೆಯ ಕಂಪೆನಿಯಿಂದಲೇ ಹೊರಬಂತು. ಗುರುದಕ್ಷಿಣೆ ಎಂದರೆ ಇದೇ ಅಲ್ಲವೆ?

ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಕಂಪೆನಿಯ ಒಡೆತನದಿಂದ ತಪ್ಪಿಸಿಕೊಂಡವಳನ್ನು ಅಭಿಮಾನಿಗಳ ಒಡೆತನ ಹಿಡಿದುಕೊಂಡಿತು. ರೇಡಿಯೊದ ನೆರವಿಲ್ಲದೆ ತಾವೇ ಬೆಳೆಸಿದ ಹಾಡುಗಾರ್ತಿ ತಮ್ಮವಳೇ ಎಂಬ ಭಾವನೆ ಅವರಿಗಿತ್ತು. ಬೋಳಿಸಿದ್ದ ತಲೆಯಲ್ಲಿ ಕೂದಲು ಬೆಳೆಸಿದರೆ ಪ್ರಶ್ನೆ. ಗಿಟಾರಿನ ಜೊತೆ ತುತ್ತೂರಿ ಸೇರಿಸಿದರೆ ಪ್ರಶ್ನೆ. ಹೆಣ್ಣುಗಳನ್ನೂ ಗಂಡುಗಳನ್ನೂ ಪ್ರೀತಿಸಿದ್ದನ್ನು ಮುಚ್ಚಿಡದೆ ಹಾಡಿದ್ದ ಆಕೆ 1998ರಲ್ಲಿ ತನ್ನ ಧ್ವನಿ ತಂತ್ರಜ್ಞನನ್ನು ಮದುವೆಯಾದಾಗ ದ್ರೋಹ ಬಗೆದಳೆಂದು ಮುನಿದವರೂ ಇದ್ದರು. ಯಾರಿಗೂ ಮಾರಿಕೊಳ್ಳದವಳು ಪ್ರೀತಿಸುವವರಿಗೂ 'ಬೇಡ' ಎನ್ನುವುದನ್ನು ಕಲಿಯಬೇಕಾಯಿತು. ಒಪ್ಪಂದ ಹಿಡಿದು ಬಂದ ಕಂಪೆನಿಯವರಿಗೆ ಬೇಡವೆನ್ನುವುದಕ್ಕಿಂತ ಅದು ಕಷ್ಟದ ಕೆಲಸ.

ದೇಹವೂ ಬೆಲೆ ಕೇಳಿತು. ವರ್ಷದ ಬಹುಪಾಲು ಊರೂರು ಸುತ್ತಿ, ತಂತಿಗಳನ್ನು ಹೊಡೆದು ನುಡಿಸಿದ ಕೈಯ ಸ್ನಾಯುರಜ್ಜುಗಳು ಊದಿಕೊಂಡು 2005ರಲ್ಲಿ ಗಿಟಾರು ಕೆಳಗಿಡಬೇಕಾಯಿತು. ಸ್ವಂತ ಕಂಪೆನಿಯಲ್ಲಿ ರಜೆ ಕೊಡುವವರೂ ತಾನೇ, ಕೊಡದವರೂ ತಾನೇ. ದುಡಿತಕ್ಕೆ ಮಿತಿ ಹಾಕುವ ಮೇಲಧಿಕಾರಿ ಇಲ್ಲದಿರುವುದು ಎಲ್ಲ ಸಲವೂ ವರವಲ್ಲ.

ಈಗ ಹಿಂದಿರುಗಿ ನೋಡಿದರೆ ಆ ಐನೂರು ಕ್ಯಾಸೆಟ್ಟುಗಳಿಂದ ಏನೆಲ್ಲ ಬೆಳೆಯಿತು! ಬಫಲೊದ ನಡುಪೇಟೆಯಲ್ಲಿ ಕೆಡವಲು ಸಿದ್ಧವಾಗಿದ್ದ 19ನೇ ಶತಮಾನದ ಒಂದು ಚರ್ಚನ್ನು ಆಕೆಯೂ ಫಿಶರನೂ ಉಳಿಸಿಕೊಂಡು, ದುರಸ್ತಿ ಮಾಡಿಸಿ, 2006ರ ಹೊತ್ತಿಗೆ ಸಂಗೀತ ಸಭಾಂಗಣವಾಗಿ ಮಾಡಿದರು. ಪಿಟೀಲು ಹಿಡಿದು ಹಾಡುವ ಆಂಡ್ರೂ ಬರ್ಡ್‌ನಂಥ ಹೊಸಬರ ಆಲ್ಬಮ್‌ಗಳು ಆಕೆಯ ಕಂಪೆನಿಯಿಂದ ಬಂದವು. ಅನಾಯಿಸ್ ಮಿಚೆಲ್ ಎಂಬ ಯುವತಿ ಗ್ರೀಕ್ ಪುರಾಣದ ಕತೆಯೊಂದನ್ನು ಹಾಡುಗಳಲ್ಲಿ ಹೆಣೆದ 'ಹೇಡೀಸ್‌ಟೌನ್' 2010ರಲ್ಲಿ ಇಲ್ಲಿಂದಲೇ ಹೊರಟಿತು. ಅದು ಬೆಳೆದು ಬ್ರಾಡ್‌ವೇ ನಾಟಕರಂಗಕ್ಕೆ ಹೋಗಿ ದೊಡ್ಡ ಪ್ರಶಸ್ತಿಗಳನ್ನು ಪಡೆಯಿತು. ಆಲ್ಬಮ್ಮಿನಲ್ಲಿ ತಾನೇ ಹಾಡಿದ್ದ ಪರ್ಸಿಫನಿಯ ಪಾತ್ರವನ್ನು ಆನಿ 2024ರಲ್ಲಿ ಅದೇ ಬ್ರಾಡ್‌ವೇ ರಂಗದ ಮೇಲೆ ಆಡಿದಳು. ಒಂದು ಕಾಲಕ್ಕೆ ಮೆಲ್ಡ್ರಮ್ ತನ್ನ ಪಕ್ಕದಲ್ಲಿ ಒಂಬತ್ತರ ಹುಡುಗಿಗೆ ಜಾಗ ಕೊಟ್ಟಿದ್ದ. ಆಕೆ ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು, ಅಷ್ಟೆ.

ಇಂದಿನ ವಿದ್ಯಾರ್ಥಿಗಳಿಗೆ ಕ್ಯಾಸೆಟ್ಟುಗಳ ಕಾಟವಿಲ್ಲ. ಆದರೆ ಒಪ್ಪಂದಗಳು ಇದ್ದೇ ಇವೆ, ಸಣ್ಣಕ್ಷರಗಳೂ ಇದ್ದೇ ಇವೆ. ಹಾಡನ್ನು ಜಾಲಕ್ಕೆ ಏರಿಸುವಾಗ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಓದದೇ ಒತ್ತುವವರೇ ಹೆಚ್ಚು. ಹಾಗಾಗಿ ಮಕ್ಕಳು ಶ್ರುತಿ-ತಾಳಗಳ ಜೊತೆ ಲೆಕ್ಕವನ್ನೂ ಕಾನೂನಿನ ನಾಲ್ಕು ಮಾತನ್ನೂ ಕಲಿಯುವುದು ಒಳ್ಳೆಯದು. ಅದು ಹಾಡಿಗೆ ವೈರಿಯಲ್ಲ, ಹಾಡಿನ ಕಾವಲು. ಇನ್ನು ಹಿರಿಯರು 'ಹೊಟ್ಟೆಗೇನು?' ಎಂದು ಕೇಳುವುದನ್ನು ಬಿಡಬೇಕಿಲ್ಲ. ಕೇಳಿದ ಮೇಲೆ ಉತ್ತರ ಹುಡುಕಲು ಜೊತೆಗೆ ಕೂರಬೇಕು. ಊರಿನಲ್ಲಿ ಕಲಿಸುವ ಒಬ್ಬ ಮೆಲ್ಡ್ರಮ್ ಎಲ್ಲಿದ್ದಾನೆ, ಲೆಕ್ಕ ನೋಡುವ ಗೆಳೆಯ ಯಾರು, ಮೊದಲ ಐನೂರು ಕೇಳುಗರು ಎಲ್ಲಿ ಸಿಕ್ಕಾರು ಎಂದು ವಿಚಾರಿಸಬೇಕು.

1990ರಲ್ಲಿ ಇಪ್ಪತ್ತರ ಹುಡುಗಿ ಮಾಡಿಸಿದ ಆ ಮೊದಲ ಆಲ್ಬಮ್ ಈಗಲೂ ಕೇಳಲು ಸಿಗುತ್ತದೆ. ಗಿಟಾರಿನ ಹೊಡೆತದಲ್ಲಿ ಬಾರಿನ ಗದ್ದಲವನ್ನು ಮೀರುವ ಹಟ ಇನ್ನೂ ಹಾಗೆಯೇ ಇದೆ. ಅದನ್ನು ಹೊರತಂದ ಕಂಪೆನಿಯ ಒಡತಿಯೂ ಬದಲಾಗಿಲ್ಲ.